ಅರ್ಧರಥನೆನಿಸಿಕೊಂಡವನು ಏನು ಮಾಡಬೇಕು?



ಕಳೆದ ಶ್ರಾವಣ ಬಹುಳ ದ್ವಿತೀಯಾ, ಶ್ರೀ ಗುರುರಾಯರ ಮಧ್ಯಾರಾಧನೆಯ ದಿನ. ಕಡೆಯ ಪಂಕ್ತಿಯೂ ಮುಗಿದು, ಎಲೆ ತೆಗೆದು, ನೆಲವನ್ನು ಶುದ್ಧಿ ಮಾಡಿ, ಬಡಿಸಿದ ನಾವುಗಳು ಕೈಕಾಲು ತೊಳೆದು ಕುಳಿತಿದ್ದೆವು. ಯಲಹಂಕ ಉಪನಗರದಲ್ಲಿ ಮನೆ ಮಾಡಿಕೊಂಡಿರುವ ಗೃಹಸ್ಥರೊಬ್ಬರು ಮಾತ್ರ ಊಟವಾದ ಮೇಲೂ ಹೊರಡದೆ ಕಂಬಕ್ಕೊರಗಿ ಕುಳಿತಿದ್ದರು. ಗುರುವಾರಗಳಂದು ತಪ್ಪದೆ ದರ್ಶನಕ್ಕೆ ಬರುವವರು. ಹೆಬ್ಬಾಳದಿಂದಾಚೆ ನಾಗವಾರದ ಕಡೆಯ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಹನ್ನೊಂದು ವರ್ಷಗಳಿಂದ ಉದ್ಯೋಗದಲ್ಲಿರುವವರು. ಏನು ಸಮಾಚಾರವೆಂದು ವಿಚಾರಿಸಲಾಗಿ ಅವರು ಹೀಗೆಂದರು:

"ಆಚಾರ್ಯರೇ, ಈ ವರ್ಷದ ಮೌಲ್ಯಮಾಪನದಲ್ಲಿ ನನಗೆ ಐದಕ್ಕೆ ಎರಡು ಕೊಟ್ಟಿದ್ದಾರೆ. ತೊಂಬತ್ತು ದಿನದೊಳಗೆ ಸುಧಾರಿಸಿಕೊಳ್ಳಬೇಕಂತೆ. ಹಿಂದಿನ ಮೂರು ವರ್ಷ ಉತ್ತಮನೆಂದು ಬರೆದವರೇ ಬೇರೆ, ಈಗ ಬಂದ ಮೇಲಧಿಕಾರಿಗಳೇ ಬೇರೆ. ಅವರು ನನ್ನ ಕೆಲಸ ನೋಡಿದ್ದು ನಾಲ್ಕು ತಿಂಗಳು. ಇದು ನನ್ನ ಪ್ರಾರಬ್ಧವೆಂದು ಸುಮ್ಮನಿರಲೋ, ಜಗಳಕ್ಕೆ ನಿಲ್ಲಲೋ? ಸುಮ್ಮನಿದ್ದರೆ ಹೇಡಿಯಾದೆನೆನ್ನಿಸುತ್ತದೆ. ನಿಂತರೆ ಮನೆಸಾಲದ ಕಂತು ಕಣ್ಣೆದುರು ಬರುತ್ತದೆ."

ಕಡಿಮೆ ಅಂಕಕ್ಕೆ ಕಾರಣವೆಂದು ಬರೆದಿದ್ದುದು 'ನಾಯಕತ್ವದ ಗುಣ ಸಾಲದು' ಎಂಬ ಒಂದೇ ವಾಕ್ಯ. ಒಂದು ಉದಾಹರಣೆ ಕೊಡಿರೆಂದು ಕೇಳಿದಾಗ, ಅದು ಎಲ್ಲರ ಅಭಿಪ್ರಾಯವೆಂಬ ಉತ್ತರ ಬಂದಿತಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಧ ನಗುತ್ತಾ ಮತ್ತೊಂದು ಪ್ರಶ್ನೆ ಹಾಕಿದರು. "ನಮ್ಮ ಸಿದ್ಧಾಂತದಲ್ಲಿಯೇ ತಾರತಮ್ಯವಿದೆಯಲ್ಲ! ಮೇಲು ಕೀಳೆಂಬುದು ಸತ್ಯವೆಂದು ಒಪ್ಪಿದ ನಾವು, ಕಚೇರಿಯವರು ಮೇಲು ಕೀಳು ಮಾಡಿದರೆ ಯಾವ ಬಾಯಿಂದ ಆಕ್ಷೇಪಿಸುವುದು?"

ಅಂದು ನಾನು ಸಮರ್ಪಕವಾದ ಉತ್ತರವನ್ನು ಕೊಡಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ಯೋಚಿಸಿದ್ದನ್ನು ಇಲ್ಲಿ ಬರೆದಿದ್ದೇನೆ. ಇಂಥ ಪ್ರಶ್ನೆ ನಮ್ಮ ಎಷ್ಟೋ ಮನೆಗಳಲ್ಲಿ ಏಪ್ರಿಲ್ ಬಂದಿತೆಂದರೆ ಏಳುತ್ತದೆಂಬುದು ವಾಚಕರಿಗೆ ವಿದಿತವೇ ಆಗಿದೆ.

ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಶ್ರೀಮದಾಚಾರ್ಯರು ಪ್ರತಿಪಾದಿಸಿದ ತಾರತಮ್ಯವು ಜೀವರ ಸ್ವರೂಪಯೋಗ್ಯತೆಗೆ ಸಂಬಂಧಿಸಿದುದು. ಅದು ಯಾರೋ ಮಾಡಿದ್ದಲ್ಲ, ಅನಾದಿಯಾಗಿ ಇರುವಂಥದು. ಅದನ್ನು ಪೂರ್ಣವಾಗಿ ಬಲ್ಲವನು ಸರ್ವಜ್ಞನಾದ ಶ್ರೀಹರಿಯೊಬ್ಬನೇ. ದೇವತೆಗಳ ಕಕ್ಷ್ಯೆಯನ್ನೂ ನಾವು ಆಗಮಗಳಿಂದ ತಿಳಿಯುತ್ತೇವೆಯೇ ಹೊರತು ನಮ್ಮ ಕಣ್ಣಳತೆಯಿಂದಲ್ಲ. ಅಲ್ಲಿ ಜೀವನು ಮೊದಲು, ಅವನ ಕಕ್ಷ್ಯೆ ಅವನ ಸ್ವಭಾವಕ್ಕೆ ಅನುಗುಣ. ಖಾಲಿಯಿರುವ ಕೆಳಗಿನ ಮಣೆಯನ್ನು ತುಂಬಬೇಕೆಂದು ಯಾವ ಜೀವನನ್ನೂ ಕೆಳಕ್ಕೆ ತಳ್ಳಿದ್ದಿಲ್ಲ.

ಕಚೇರಿಯ ಕ್ರಮವಾದರೋ ಇದಕ್ಕೆ ವಿಪರೀತ. ಅಲ್ಲಿ ಮಣೆಗಳು ಮೊದಲೇ ಸಿದ್ಧವಾಗಿರುತ್ತವೆ. ನೂರರಲ್ಲಿ ಇಷ್ಟು ಜನ ಅತ್ಯುತ್ತಮರು, ಬಹುಪಾಲು ಮಧ್ಯಮರು, ಇಷ್ಟು ಜನ ಅಧಮರು ಎಂದು ವರ್ಷ ಮುಗಿಯುವ ಮುನ್ನವೇ ಗೊತ್ತಾಗಿರುತ್ತದೆ. ಗಂಟೆಯ ಆಕಾರದ ರೇಖೆಯೆಂದು, ಬೆಲ್ ಕರ್ವ್ ಎಂದು ಇದನ್ನು ಕರೆಯುತ್ತಾರೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ಎಂಬುವರು ನೌಕರರನ್ನು 20, 70, 10 ಎಂದು ಮೂರು ಭಾಗ ಮಾಡಿ ಕಡೆಯ ಹತ್ತು ಜನರನ್ನು ಸಾಗಹಾಕುವ ಪದ್ಧತಿಯನ್ನು ಪ್ರಸಿದ್ಧಿಗೆ ತಂದರು. ದೊಡ್ಡ ಜನಸಮೂಹದ ಎತ್ತರವನ್ನೋ ತೂಕವನ್ನೋ ಅಳೆದರೆ ಇಂಥ ರೇಖೆ ತಾನಾಗಿ ಮೂಡುವುದುಂಟು. ಆದರೆ ಆರು ಜನರ ಒಂದು ಗುಂಪಿಗೆ ಆ ರೇಖೆಯನ್ನು ತೊಡಿಸುವುದೆಂದರೆ, ಬಟ್ಟೆಗೆ ತಕ್ಕಂತೆ ಮೈಯನ್ನು ಕತ್ತರಿಸಿದಂತೆಯೇ ಸರಿ. ನಮ್ಮ ಗೃಹಸ್ಥರ ಗುಂಪಿನಲ್ಲಿ ಇದ್ದವರು ಸರಿಯಾಗಿ ಆರೇ ಜನ. ಒಬ್ಬರು ಕೆಳಗೆ ಬೀಳಲೇಬೇಕಾಗಿತ್ತು.

ಸೀತಾನ್ವೇಷಣೆಗೆಂದು ಸುಗ್ರೀವನು ದಕ್ಷಿಣ ದಿಕ್ಕಿಗೆ ಕಳುಹಿಸಿದ ತಂಡದಲ್ಲಿ ಹನುಮಂತದೇವರು, ಅಂಗದ, ಜಾಂಬವಂತ, ನೀಲ ಮೊದಲಾದವರಿದ್ದರು. ಈ ಪದ್ಧತಿಯು ಕಿಷ್ಕಿಂಧೆಯಲ್ಲಿ ಜಾರಿಯಲ್ಲಿದ್ದಿದ್ದರೆ ಅವರಲ್ಲಿ ಯಾರಾದರೊಬ್ಬರನ್ನು ಅಯೋಗ್ಯನೆಂದು ಬರೆಯಬೇಕಾಗುತ್ತಿತ್ತು! ಮಿಕ್ಕ ಮೂರು ದಿಕ್ಕಿಗೆ ಹೋದ ಕಪಿಗಳು ತಿಂಗಳಾದ ಮೇಲೆ ಬರಿಗೈಯಲ್ಲಿ ಹಿಂದಿರುಗಿದರು. ನಿಷ್ಠೆಯಿಂದ ಹುಡುಕಿ ಬಂದವರೆಂದು ಅವರನ್ನು ಯಾರೂ ದಂಡಿಸಲಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು 2013ರ ನವೆಂಬರಿನಲ್ಲಿ ಈ ಬಲವಂತದ ಶ್ರೇಣೀಕರಣವನ್ನು ಕೈಬಿಟ್ಟಿತು. ನಮ್ಮ ಬೆಂಗಳೂರಿನ ಇನ್ಫೋಸಿಸ್ ಸಹ ಅದೇ ದಶಕದ ನಡುವೆ ಅದನ್ನು ಬಿಟ್ಟಿತೆಂದು ಪತ್ರಿಕೆಗಳಲ್ಲಿ ಬಂದಿತ್ತು. ಹೆಸರು ಬದಲಾಯಿಸಿಕೊಂಡು ಅದೇ ಪದ್ಧತಿ ಬೇರೆಡೆಗಳಲ್ಲಿ ಉಳಿದಿರುವುದನ್ನು ನಮ್ಮ ಗೃಹಸ್ಥರ ಪ್ರಸಂಗವೇ ಹೇಳುತ್ತದೆ. ಇದನ್ನು ತಾರತಮ್ಯವೆನ್ನುವುದು ಆ ಪವಿತ್ರವಾದ ಶಬ್ದಕ್ಕೆ ಮಾಡುವ ಅಪಚಾರ.

ಇನ್ನು ಮೊದಲನೆಯ ಪ್ರಶ್ನೆ. ಮಹಾಭಾರತದ ಉದ್ಯೋಗಪರ್ವದಲ್ಲಿ ಮೌಲ್ಯಮಾಪನದ ಪ್ರಸಂಗವೊಂದು ಬಂದಿದೆ. ಸೇನಾಪತಿಯಾದ ಭೀಷ್ಮಾಚಾರ್ಯರನ್ನು ದುರ್ಯೋಧನನು, ಎರಡೂ ಕಡೆಯಲ್ಲಿ ಯಾರು ರಥರು, ಯಾರು ಅತಿರಥರು ಎಂದು ಎಣಿಸಿ ಹೇಳಬೇಕೆಂದು ಕೇಳುತ್ತಾನೆ. ಭೀಷ್ಮರು ಒಬ್ಬೊಬ್ಬರನ್ನೇ ಹೇಳುತ್ತಾ ಬಂದು, ಕರ್ಣನ ಸರದಿ ಬಂದಾಗ ಅವನು ಅರ್ಧರಥನೆಂದು ತುಂಬಿದ ಸಭೆಯಲ್ಲಿ ಘೋಷಿಸುತ್ತಾರೆ. ಸಹಜವಾದ ಕವಚಕುಂಡಲಗಳನ್ನು ಕಳೆದುಕೊಂಡಿದ್ದಾನೆ, ಪರಶುರಾಮದೇವರ ಶಾಪವಿದೆ ಎಂದು ಕಾರಣಗಳನ್ನೂ ಕೊಡುತ್ತಾರೆ. ದ್ರೋಣರು ಅಹುದೆಂದು ಅನುಮೋದಿಸುತ್ತಾರೆ. (ಈಗಿನ ಸಂಸ್ಥೆಗಳಲ್ಲಿ ಹಿರಿಯ ಅಧಿಕಾರಿಗಳೆಲ್ಲ ಬಾಗಿಲು ಮುಚ್ಚಿ ಕುಳಿತು ಅಂಕಗಳನ್ನು ಪರಸ್ಪರ ಸರಿಹೊಂದಿಸುತ್ತಾರಂತೆ. ಅದಕ್ಕೂ ಇದಕ್ಕೂ ವ್ಯತ್ಯಾಸವೇನೆಂದು ನನಗೆ ತಿಳಿಯಲಿಲ್ಲ. ಇಲ್ಲಿಯಾದರೂ ಬಾಗಿಲು ತೆರೆದಿತ್ತು.)

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಭೀಷ್ಮರು ಕೊಟ್ಟ ಕಾರಣಗಳು ಸುಳ್ಳಾಗಿರಲಿಲ್ಲ. ಕವಚ ಹೋಗಿದ್ದುದು ನಿಜ, ಶಾಪವಿದ್ದುದೂ ನಿಜ. ಆದರೆ ಯುದ್ಧದ ಹತ್ತನೆಯ ದಿನ ಶರಶಯ್ಯೆಯಲ್ಲಿ ಮಲಗಿದ ಮೇಲೆ, ತನ್ನ ಬಳಿಗೆ ಒಂಟಿಯಾಗಿ ಬಂದ ಕರ್ಣನನ್ನು ಒಂದೇ ಕೈಯಿಂದ ಅಪ್ಪಿಕೊಂಡು ಆ ವೃದ್ಧರು ಬೇರೆಯೇ ಮಾತನ್ನಾಡುತ್ತಾರೆ. ನಿನ್ನ ಪರಾಕ್ರಮವನ್ನು ನಾನು ಬಲ್ಲೆ, ಆ ನಿಷ್ಠುರ ನುಡಿಗಳನ್ನು ಆಡಿದ್ದು ನಿನ್ನ ತೇಜೋವಧೆಗಾಗಿ ಎಂದು ಒಪ್ಪಿಕೊಳ್ಳುತ್ತಾರೆ. ಅಂದಮೇಲೆ ಅರ್ಧರಥನೆಂಬುದು ಅಳತೆಯಾಗಿರಲಿಲ್ಲ, ಆಯುಧವಾಗಿತ್ತು. ಸತ್ಯದ ಚೂರುಗಳನ್ನೇ ಜೋಡಿಸಿ ಒಬ್ಬನನ್ನು ಕುಗ್ಗಿಸಬಹುದು. ಕರ್ಣನ ಔದ್ಧತ್ಯವನ್ನು ತಗ್ಗಿಸಿ ಕುಲನಾಶವನ್ನು ತಪ್ಪಿಸುವ ಉದ್ದೇಶ ಭೀಷ್ಮರಿಗಿತ್ತೆಂಬುದನ್ನು ಮರೆಯಲಾಗದು. ಅದೂ ಕೈಗೂಡಲಿಲ್ಲ.

ಕರ್ಣನು ಮಾಡಿದ್ದೇನು? ಇದು ನನ್ನ ಮೇಲಿನ ದ್ವೇಷದಿಂದ ಆಡಿದ ಮಾತು, ಸೈನ್ಯದಲ್ಲಿ ಭೇದವನ್ನುಂಟುಮಾಡುವ ಮಾತು ಎಂದು ಸಭೆಯಲ್ಲಿಯೇ ಎದುರು ಹೇಳಿದನು. ಅಷ್ಟರಲ್ಲಿ ತಪ್ಪಿಲ್ಲವೆಂದು ನನ್ನ ಅಭಿಪ್ರಾಯ. ಆದರೆ ಭೀಷ್ಮರು ಇರುವವರೆಗೆ ಬಿಲ್ಲು ಹಿಡಿಯೆನೆಂದು ಶಪಥ ಮಾಡಿ ಹತ್ತು ದಿನ ಶಿಬಿರದಲ್ಲಿ ಕುಳಿತುಬಿಟ್ಟನು. ಅರ್ಧರಥನೆಂದರೆ ಅರ್ಧವಾದರೂ ಕೆಲಸವಾಗಬೇಕಷ್ಟೆ. ಆ ಹತ್ತು ದಿನ ಅವನು ಅರ್ಧವೂ ಆಗಲಿಲ್ಲ. ಯಾರ ಅನ್ನವನ್ನು ಉಂಡಿದ್ದನೋ ಅವನಿಗೇ ನಷ್ಟ. ಕುರ್ಚಿಯಲ್ಲಿ ಕುಳಿತು, ಸಂಬಳವನ್ನೂ ಪಡೆಯುತ್ತಾ, ಮನಸ್ಸಿನೊಳಗೆ ಕೆಲಸವನ್ನು ನಿಲ್ಲಿಸಿಬಿಡುವ ಕೋಪ ಇಂದಿಗೂ ಸಾಮಾನ್ಯ. ಅಂಥವನ ಮುಂದಿನ ವರ್ಷದ ಮೌಲ್ಯಮಾಪನಕ್ಕೆ ನಿಜವಾದ ಕಾರಣವನ್ನು ಅವನೇ ಒದಗಿಸಿಕೊಡುತ್ತಾನೆ.

ಇದನ್ನು ಬರೆಯುವ ಅಧಿಕಾರ ನನಗೆ ಎಲ್ಲಿಂದ ಬಂತೆಂದು ಕೇಳಬಹುದು. ಪಾಠಶಾಲೆಯ ಓದಾದ ಮೇಲೆ ಬಿ.ಎ. ಮುಗಿಸಿ ನಾನೂ ಯಶವಂತಪುರದ ಕಡೆಯ ಒಂದು ಖಾಸಗಿ ಕಚೇರಿಯಲ್ಲಿ ನಾಲ್ಕು ವರ್ಷ ಇದ್ದೆನು. ಎರಡನೆಯ ವರ್ಷದ ವರದಿಯಲ್ಲಿ ನನ್ನನ್ನು ಕುರಿತು ಎರಡು ಮಾತು ಬರೆದಿದ್ದರು. ಸಹೋದ್ಯೋಗಿಗಳೊಡನೆ ಬೆರೆಯುವುದಿಲ್ಲ ಎಂಬುದು ಒಂದು. ಹೋಟೆಲಿನ ಔತಣಗಳಿಗೆ ಹೋಗದಿದ್ದುದು, ಏಕಾದಶಿಯಂದು ಯಾರದೋ ಹುಟ್ಟುಹಬ್ಬದ ಕೇಕನ್ನು ಮುಟ್ಟದಿದ್ದುದು ಇದಕ್ಕೆ ಆಧಾರ. ಪತ್ರಗಳಿಗೆ ಉತ್ತರಿಸುವಲ್ಲಿ ವಿಳಂಬ ಎಂಬುದು ಎರಡನೆಯದು. ನಾನು ಮನೆಗೆ ಬಂದು ಮೊದಲನೆಯದನ್ನು ಹಿಡಿದು ಧರ್ಮಕ್ಕೇ ಚ್ಯುತಿ ಬಂದಿತೆಂಬಂತೆ ಕೂಗಾಡಿದೆನು. ಗಂಧ ತೇಯುತ್ತಿದ್ದ ನಮ್ಮ ತಂದೆಯವರು ಎಲ್ಲವನ್ನೂ ಕೇಳಿ, ತಲೆಯೆತ್ತದೆ, "ಎರಡನೆಯದೋ?" ಎಂದರು. ರಾತ್ರಿ ಗ್ರಂಥಾವಲೋಕನ ಮಾಡಿ ಬೆಳಿಗ್ಗೆ ಕಚೇರಿಯಲ್ಲಿ ತೂಕಡಿಸುತ್ತಿದ್ದುದು ಸತ್ಯವಾಗಿತ್ತು. ಮೊದಲನೆಯ ಅನ್ಯಾಯದ ಹಿಂದೆ ಎರಡನೆಯ ದೋಷವನ್ನು ನಾನು ಬಚ್ಚಿಟ್ಟುಕೊಂಡಿದ್ದೆನು. ಇದರಿಂದ ಮೊದಲನೆಯದು ನ್ಯಾಯವಾಗಲಿಲ್ಲ. ಅದು ಇಂದಿಗೂ ಅನ್ಯಾಯವೆಂದೇ ನನ್ನ ಎಣಿಕೆ. ಆದರೆ ಎರಡನ್ನೂ ಬೇರೆ ಬೇರೆ ಇಟ್ಟು ನೋಡಲು ನನಗೆ ಎರಡು ತಿಂಗಳು ಹಿಡಿಯಿತು.

ಪ್ರಾರಬ್ಧದ ಮಾತಿಗೆ ಬರೋಣ. ಕಷ್ಟ ಬಂದಾಗ ಇದು ನನ್ನ ಕರ್ಮವೆಂದು ಸಮಾಧಾನ ತಂದುಕೊಳ್ಳುವುದು ಸಾಧಕನಿಗೆ ಶ್ರೇಯಸ್ಕರವೇ. ಆದರೆ ಅದನ್ನು ಮತ್ತೊಬ್ಬನ ಅಪರಾಧಕ್ಕೆ ಹೊದಿಕೆಯಾಗಿ ಬಳಸುವುದು ಶಾಸ್ತ್ರಸಮ್ಮತವಲ್ಲ. ಜೀವನ ಕರ್ತೃತ್ವವು ಪರಾಧೀನವಾದರೂ ಸತ್ಯವಾದುದು. ಆದುದರಿಂದಲೇ ವಿಧಿನಿಷೇಧಗಳು ಅವನಿಗೆ ಅನ್ವಯಿಸುತ್ತವೆ. ಸುಳ್ಳು ಬರೆದವನಿಗೆ ಸುಳ್ಳಿನ ದೋಷ ಬಂದೇ ಬರುತ್ತದೆ. ಏಟು ತಿಂದವನ ಪ್ರಾರಬ್ಧವನ್ನು ಅವನು ಸಾಕ್ಷಿಗೆ ಕರೆಯಲಾರನು. ಇನ್ನೊಂದು ಮಾತು. ಭಗವಂತನು ಫಲವನ್ನು ಕೊಡುವಾಗ ಜೀವನ ಯೋಗ್ಯತೆ ಮತ್ತು ಅನಾದಿಕರ್ಮಗಳ ಜೊತೆಗೆ ಪ್ರಯತ್ನವನ್ನೂ ಪರಿಗಣಿಸುತ್ತಾನೆಂಬುದು ಆಚಾರ್ಯರ ಸಿದ್ಧಾಂತ. ಪ್ರಯತ್ನವನ್ನು ಬಿಟ್ಟು ಪ್ರಾರಬ್ಧವೆಂದು ಕುಳಿತವನು ಮೂರರಲ್ಲಿ ಒಂದನ್ನು ತಾನಾಗಿಯೇ ಕೈಚೆಲ್ಲಿದಂತಾಯಿತು.

ಹಾಗಾದರೆ ಯಾವ ಪ್ರಯತ್ನ? ವಿರಾಟನಗರಕ್ಕೆ ಹೊರಟ ಪಾಂಡವರಿಗೆ ಪುರೋಹಿತರಾದ ಧೌಮ್ಯರು ರಾಜನ ಮನೆಯಲ್ಲಿ ಹೇಗಿರಬೇಕೆಂದು ಬೋಧಿಸಿದರು. ಅವನ ಆಸನದ ಮೇಲೆ ಕುಳಿತುಕೊಳ್ಳಬಾರದು, ಕೇಳದೆ ಸಲಹೆ ಕೊಡಬಾರದು, ಅವನು ದ್ವೇಷಿಸುವವರೊಡನೆ ಸೇರಬಾರದು, ಇತ್ಯಾದಿ. ಓದಿದವರಿಗೆ ಇದು ಅಧಿಕಾರಿಗಳಿಗೆ ತಲೆಬಾಗುವ ಪಾಠದಂತೆ ತೋರಬಹುದು. ಆದರೆ ಅದು ಒಂದು ವರ್ಷದ ಅವಧಿಗೆ ಹೇಳಿದ ಉಪದೇಶವೆಂಬುದನ್ನು ಮರೆಯಬಾರದು. ಅವಧಿ ತೀರಿದ ಮೇಲೆ ಪಾಂಡವರು ರಾಜಾಸನದ ಮೇಲೆಯೇ ಹೋಗಿ ಕುಳಿತರು.

ಅದೇ ವಿರಾಟನ ಮನೆಯಲ್ಲಿ ನಡೆದ ಮತ್ತೊಂದು ಘಟನೆಯು ನನಗೆ ಹೆಚ್ಚು ಹಿಡಿಸುತ್ತದೆ. ಉತ್ತರಗೋಗ್ರಹಣದಲ್ಲಿ ಕೌರವರನ್ನು ಗೆದ್ದವನು ಬೃಹನ್ನಳೆ. ಆದರೆ ಗೆದ್ದವನು ತನ್ನ ಮಗನೆಂದು ವಿರಾಟನು ಪಗಡೆಯ ಹಲಗೆಯ ಮುಂದೆ ಹಿಗ್ಗುತ್ತಿದ್ದನು. ಒಬ್ಬನ ದುಡಿಮೆಗೆ ಮತ್ತೊಬ್ಬನ ಹೆಸರು! ಇದಕ್ಕಿಂತ ಕಚೇರಿಯ ಮಾತು ಬೇಕೆ? ಕಂಕನ ವೇಷದಲ್ಲಿದ್ದ ಧರ್ಮರಾಜನು ಬೃಹನ್ನಳೆ ಜೊತೆಗಿದ್ದ ಮೇಲೆ ಗೆಲ್ಲದಿರುವುದುಂಟೆ ಎಂದು ಮತ್ತೆ ಮತ್ತೆ ಹೇಳಿದನು. ಸಿಟ್ಟಿಗೆದ್ದ ರಾಜನು ದಾಳವನ್ನು ಎಸೆದು ಅವನ ಮೂಗಿನಿಂದ ರಕ್ತ ಬರುವಂತೆ ಹೊಡೆದನು. ಧರ್ಮರಾಜನು ಹೊಡೆತವನ್ನು ಸಹಿಸಿದನು, ರಕ್ತವು ನೆಲಕ್ಕೆ ಬೀಳದಂತೆ ಅಂಗೈಯಲ್ಲಿ ಹಿಡಿದನು. ಆದರೆ ಹೇಳಿದ ಮಾತನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಸಹನೆಯೆಂದರೆ ಇದು. ಸತ್ಯವನ್ನು ನುಂಗಿಕೊಂಡು ಸುಮ್ಮನಾಗುವುದನ್ನು ಸಹನೆಯೆಂದು ಕರೆಯುವುದು ನಮ್ಮ ಅನುಕೂಲಕ್ಕೆ. ಮತ್ತೆ ಬಾಲಕನಾದ ಉತ್ತರನನ್ನು ನೋಡಿರಿ. ಊರೆಲ್ಲ ಜಯಕಾರ ಮಾಡುತ್ತಿರುವಾಗ ಒಳಗೆ ಬಂದು, ಗೆದ್ದವನು ನಾನಲ್ಲವೆಂದು ತಂದೆಗೆ ಹೇಳಿ, ಕಂಕನ ಕ್ಷಮೆ ಬೇಡುವಂತೆ ಮಾಡಿದನು. ರಣರಂಗದಲ್ಲಿ ಓಡಿಹೋದವನೆಂದು ನಾವು ನಗುವ ಹುಡುಗ ಇವನೇ.

ದ್ರೌಪದೀದೇವಿಯರ ಪ್ರಸಂಗ ಬೇರೆ. ಕೀಚಕನು ತುಂಬಿದ ಸಭೆಯಲ್ಲಿ ಒದ್ದಾಗ ಅವರು ಸಹಿಸಿ ಸುಮ್ಮನಾಗಲಿಲ್ಲ. ರಾಜನಿಗೆ ಧರ್ಮವನ್ನು ನೆನಪಿಸಿ ಎದುರಿಗೇ ದೂರಿದರು. ಅಲ್ಲಿ ನ್ಯಾಯ ಸಿಗದಾಗ ಭೀಮಸೇನದೇವರ ಬಳಿಗೆ ಹೋದರು. ಅಂಕ ಕಡಿಮೆಯಾದ ನೋವೂ ಮಾನಕ್ಕೆ ಬಂದ ಕೇಡೂ ಒಂದೇ ಅಲ್ಲ. ಈಗ ಕೀಚಕವಧೆ ಮಾಡುವಂತಿಲ್ಲ, ಅಗತ್ಯವೂ ಇಲ್ಲ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವೆಡೆಯಲ್ಲೆಲ್ಲ ಆಂತರಿಕ ಸಮಿತಿಯಿರಬೇಕೆಂದು 2013ರ ಕಾಯಿದೆ ವಿಧಿಸಿದೆ. ಸ್ತ್ರೀಯರು ಘಟನೆಯಾದ ಮೂರು ತಿಂಗಳೊಳಗೆ ಲಿಖಿತವಾಗಿ ದೂರು ಕೊಡಬಹುದು. ಮನೆಯ ಹಿರಿಯರು ಇದನ್ನು ತಿಳಿದಿರುವುದು ಒಳ್ಳೆಯದು.

ಮೌಲ್ಯಮಾಪನ ಮಾಡುವವರ ಧರ್ಮವೇನೆಂಬುದಕ್ಕೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಐತಿಹ್ಯವಿದೆ. ಯಾರೂ ಕಾಣದ ಕಡೆ ತಿಂದು ಬನ್ನಿರೆಂದು ಶ್ರೀ ವ್ಯಾಸರಾಯರು ಶಿಷ್ಯರಿಗೆಲ್ಲ ಬಾಳೆಹಣ್ಣು ಕೊಟ್ಟರು. ಎಲ್ಲರೂ ತಿಂದು ಬಂದರು. ಕನಕದಾಸರೊಬ್ಬರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರು. ಫಲಿತಾಂಶವನ್ನಷ್ಟೇ ನೋಡುವ ಅಧಿಕಾರಿಯಾಗಿದ್ದರೆ ಸೊನ್ನೆ ಬರೆದು ಮುಂದಕ್ಕೆ ಹೋಗುತ್ತಿದ್ದನು. ಗುರುಗಳು ಏಕೆ ತಿನ್ನಲಿಲ್ಲವೆಂದು ಕೇಳಿದರು. ಕೇಳಿದ್ದರಿಂದಲೇ ಆ ಉತ್ತರ ನಮಗೆ ದೊರಕಿತು. ಶಿಷ್ಯರ ಮುಂದೆ, ತೀರ್ಪಿಗೆ ಮೊದಲು, ಅವನ ಮಾತನ್ನು ಕೇಳಿದರು ಎಂಬುದನ್ನು ನಾವು ಕಥೆ ಹೇಳುವಾಗ ಗಮನಿಸುವುದೇ ಇಲ್ಲ.

ನಮ್ಮ ಸರ್ವೋಚ್ಚ ನ್ಯಾಯಾಲಯವು ಇದೇ ತತ್ತ್ವವನ್ನು ಎತ್ತಿಹಿಡಿಯಲು 2008ರವರೆಗೆ ಕಾಯಬೇಕಾಯಿತು. ಹಿಂದೆ ಸರ್ಕಾರಿ ನೌಕರರ ಗೋಪ್ಯ ವರದಿಯಲ್ಲಿ ತೀರ ಕೆಟ್ಟದ್ದನ್ನು ಬರೆದರೆ ಮಾತ್ರ ತಿಳಿಸುವ ಕ್ರಮವಿತ್ತು. ಗಡಿ ರಸ್ತೆಗಳ ಇಲಾಖೆಯ ಇಂಜಿನಿಯರ್ ದೇವ್ ದತ್ ಎಂಬುವರಿಗೆ 1993-94ನೆಯ ಸಾಲಿನಲ್ಲಿ 'ಉತ್ತಮ' ಎಂದು ಬರೆಯಲಾಗಿತ್ತು. ಬಡ್ತಿಗೆ ಐದು ವರ್ಷವೂ 'ಅತ್ಯುತ್ತಮ' ಬೇಕಾಗಿತ್ತು. ಕೇಳಲು ಒಳ್ಳೆಯದೆನಿಸುವ ಆ ಒಂದು ಶಬ್ದವೇ ಬಡ್ತಿಯನ್ನು ತಪ್ಪಿಸಿತು, ಮತ್ತು ಅದನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಬರೆದದ್ದೆಲ್ಲವನ್ನೂ ನೌಕರನಿಗೆ ತಿಳಿಸಬೇಕು, ಅವನ ಆಕ್ಷೇಪಣೆಯನ್ನು ಕೇಳಬೇಕು, ಇಲ್ಲವಾದರೆ ಸಹಜ ನ್ಯಾಯಕ್ಕೆ ಭಂಗವೆಂದು 2008ರ ಮೇ ತಿಂಗಳಲ್ಲಿ ತೀರ್ಪಾಯಿತು. ಅಷ್ಟು ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಮರುವರ್ಷ ಕೇಂದ್ರ ಸರ್ಕಾರವು ವರದಿಯನ್ನು ಪೂರ್ತಿಯಾಗಿ ನೌಕರನಿಗೆ ತೋರಿಸಬೇಕೆಂದು ಆದೇಶಿಸಿತು. 2013ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವೂ ಇದನ್ನೇ ಸ್ಥಿರಪಡಿಸಿತು.

ಇದು ಸರ್ಕಾರಿ ಸೇವೆಯ ಮಾತು. ಜಾಲಹಳ್ಳಿಯ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳಲ್ಲಿ ದುಡಿದ ನಮ್ಮ ಹಿಂದಿನ ತಲೆಮಾರಿನವರಿಗೆ ಬೆನ್ನ ಹಿಂದೆ ಕಾರ್ಮಿಕ ಸಂಘವಾದರೂ ಇತ್ತು. ಖಾಸಗಿ ತಂತ್ರಾಂಶ ಸಂಸ್ಥೆಗಳಲ್ಲಿರುವವರಿಗೆ ಆ ಆಸರೆ ಕಡಿಮೆ. ಆದರೂ 2014ರಲ್ಲಿ ಕರ್ನಾಟಕ ಸರ್ಕಾರವು ಇಂಥ ಸಂಸ್ಥೆಗಳಿಗೆ ಸ್ಥಾಯೀ ಆದೇಶಗಳ ಕಾಯಿದೆಯಿಂದ ವಿನಾಯಿತಿ ಕೊಡುವಾಗ, ನೌಕರರ ಅಹವಾಲು ಕೇಳುವ ಸಮಿತಿಯೊಂದನ್ನು ರಚಿಸಬೇಕೆಂದು ಷರತ್ತು ಹಾಕಿತ್ತು. ತಮ್ಮ ಸಂಸ್ಥೆಯಲ್ಲಿ ಅಂಥದೊಂದು ಇದೆಯೇ ಎಂದು ಕೇಳಿನೋಡಿದವರು ನಾನು ವಿಚಾರಿಸಿದ ಎಂಟು ಜನರಲ್ಲಿ ಒಬ್ಬರೂ ಇಲ್ಲ.

ಈ ಲೇಖನವನ್ನು ಓದುವವರಲ್ಲಿ ಬರೆಸಿಕೊಂಡವರಷ್ಟೇ ಅಲ್ಲ, ಬರೆಯುವವರೂ ಇದ್ದಾರೆಂಬುದು ನನಗೆ ಗೊತ್ತು. ಆರ್.ಟಿ. ನಗರದಿಂದ ಉಪನ್ಯಾಸಕ್ಕೆ ಬರುವ, ಬೇರೊಂದು ಸಂಸ್ಥೆಯಲ್ಲಿ ಅಧಿಕಾರದಲ್ಲಿರುವ ಹಿರಿಯರೊಬ್ಬರು ಈ ವಿಷಯ ಬಂದಾಗ ತಾವಾಗಿಯೇ ಹೇಳಿದರು. "ನನಗೂ ಮೇಲಿನಿಂದ ಆಜ್ಞೆ, ಒಬ್ಬನನ್ನು ಕೆಳಗೆ ಹಾಕಲೇಬೇಕು. ಯಾರು ಜಗಳವಾಡುವುದಿಲ್ಲವೋ ಅವನ ಹೆಸರು ಬರೆದೆ." ಹೇಳಿ, ತೀರ್ಥ ತೆಗೆದುಕೊಂಡ ಕೈಯನ್ನು ಬಹಳ ಹೊತ್ತು ಒರೆಸಿಕೊಳ್ಳುತ್ತಿದ್ದರು. ಆಜ್ಞೆಯನ್ನು ಮುರಿಯುವ ಶಕ್ತಿ ಅವರಿಗಿಲ್ಲದಿರಬಹುದು. ಆದರೆ ನಿನ್ನ ಕೆಲಸದಲ್ಲಿ ದೋಷವಿಲ್ಲ, ಲೆಕ್ಕ ತುಂಬಲು ಹೀಗಾಯಿತು ಎಂದು ಆ ಮನುಷ್ಯನಿಗೆ ಹೇಳಬಹುದಾಗಿತ್ತು. ಭೀಷ್ಮರು ಶರಶಯ್ಯೆಯಲ್ಲಾದರೂ ಹೇಳಿದರು. ಅವನಿಗೆ ನಾಯಕತ್ವವಿಲ್ಲವೆಂದು ಬರೆದು ಅವನೇ ಅದನ್ನು ನಂಬುವಂತೆ ಮಾಡುವುದು ಅವನ ಅನ್ನವನ್ನಷ್ಟೇ ಅಲ್ಲ, ನಿದ್ರೆಯನ್ನೂ ಕಸಿಯುತ್ತದೆ.

ನಿದ್ರೆಯ ಮಾತು ಬಂದುದರಿಂದ ಹೇಳುತ್ತೇನೆ. ಅವಧಿ ಮೀರಿತೆಂಬ ಭಯದಿಂದ, ಸುಗ್ರೀವನು ಕ್ರೂರವಾಗಿ ದಂಡಿಸುವನೆಂದು ಅಂಗದನಂಥ ವೀರನೂ ಸಮುದ್ರತೀರದಲ್ಲಿ ಪ್ರಾಯೋಪವೇಶಕ್ಕೆ ಕುಳಿತುಬಿಟ್ಟಿದ್ದನು. ಯಜಮಾನನ ಭಯವು ಮನುಷ್ಯನನ್ನು ಅಲ್ಲಿಯವರೆಗೆ ಒಯ್ಯಬಲ್ಲುದು. ಮನೆಯಲ್ಲಿ ಯಾರಾದರೂ ಊಟ ಬಿಟ್ಟು, ಮಾತು ಬಿಟ್ಟು, ಇದ್ದೇನು ಪ್ರಯೋಜನವೆನ್ನತೊಡಗಿದರೆ ಉಪದೇಶ ಮಾಡುತ್ತಾ ಕೂಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ನಮ್ಮ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸೇವೆಯ ದೂರವಾಣಿ 14416. ಶುಲ್ಕವಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು.

ನವರಾತ್ರಿಯ ಹೊತ್ತಿಗೆ ಆ ಯಲಹಂಕದ ಗೃಹಸ್ಥರು ಮತ್ತೆ ಸಿಕ್ಕಿದ್ದರು. ಇಬ್ಬರೂ ಕುಳಿತು ಈ ಪ್ರಸಂಗಗಳನ್ನೆಲ್ಲ ಮಾತನಾಡಿದೆವು. ಆಮೇಲೆ ಅವರು ಎರಡು ಕಾಗದ ಬರೆದರಂತೆ. ಒಂದರಲ್ಲಿ ವರ್ಷದಲ್ಲಿ ತಾವು ಮಾಡಿದ ಕೆಲಸವನ್ನು ದಿನಾಂಕಸಹಿತ ಬರೆದು, 'ನಾಯಕತ್ವದ ಗುಣ ಸಾಲದು' ಎಂಬುದಕ್ಕೆ ಒಂದು ನಿದರ್ಶನವನ್ನು ಲಿಖಿತವಾಗಿ ಕೊಡಬೇಕೆಂದು, ಅಹವಾಲು ಸಮಿತಿಯ ಸದಸ್ಯರು ಯಾರೆಂದು ತಿಳಿಸಬೇಕೆಂದು ವಿನಯದಿಂದ ಕೇಳಿದ್ದಾರೆ. ಇನ್ನೊಂದು, ಬೇರೊಂದು ಸಂಸ್ಥೆಗೆ ಉದ್ಯೋಗಕ್ಕಾಗಿ ಹಾಕಿದ ಅರ್ಜಿ. ತೊಂಬತ್ತು ದಿನದ ಕೆಲಸವನ್ನೂ ಒಂದು ದಿನ ತಪ್ಪದೆ ಮಾಡುತ್ತಿದ್ದರು. "ಮೇಲಧಿಕಾರಿಗಳು ಹೇಳಿದ್ದರಲ್ಲಿ ಒಂದು ನಿಜ ಸಿಕ್ಕಿತು, ಆಚಾರ್ಯರೇ. ಸಭೆಗಳಲ್ಲಿ ನಾನು ಬಾಯಿಯೇ ಬಿಡುವುದಿಲ್ಲ. ಈಗ ಬಿಡುತ್ತಿದ್ದೇನೆ" ಎಂದು ನಕ್ಕರು. ಮೊದಲನೆಯ ಕಾಗದಕ್ಕೆ ಇನ್ನೂ ಉತ್ತರ ಬಂದಿರಲಿಲ್ಲ.